ಮರೆತವರು ಯಾರು? ಬರ್ನಿಂಗ್ ಸ್ಪಿಯರ್‌ನ ‘ಮಾರ್ಕಸ್ ಗಾರ್ವೆ’ ಆಲ್ಬಮ್ಮನ್ನು ಕೇಳುತ್ತ

ನನ್ನ ಧ್ವನಿ ಸರಿಯಾಗಿ ಕೇಳ್ತಾ ಉಂಟು ಅಂತ ಭಾವಿಸ್ತೇನೆ. ಮಾತಿನ ನಡುವೆ ಹಾಡುಗಳನ್ನು ಕೇಳಿಸುವ ಯೋಚನೆ ಇತ್ತು. ನಿನ್ನೆ ಪರೀಕ್ಷೆ ಮಾಡಿ ನೋಡಿದಾಗ ಈ ಆನ್‌ಲೈನ್ ವ್ಯವಸ್ಥೆಯಲ್ಲಿ ಸಂಗೀತದ ತಗ್ಗುಸ್ವರಗಳೆಲ್ಲ ಸೋರಿಹೋಗ್ತವೆ ಅಂತ ಗೊತ್ತಾಯ್ತು. ಬೇರೆ ಸಂಗೀತವಾದರೆ ನಡೆದೀತು. ರೆಗೆಯಲ್ಲಿ ತಗ್ಗುಸ್ವರ ಹೋದರೆ ಉಳಿಯುವುದು ಅರ್ಧ ಸಂಗತಿ ಮಾತ್ರ. ಆದ್ದರಿಂದ ಇವತ್ತು ಮಾತಿನಲ್ಲೇ ಮುಗಿಸ್ತೇನೆ. ಕೇಳುವ ಕೆಲಸ ನಿಮ್ಮ ಪಾಲಿಗೆ.

ನಾನು ಎತ್ತಿಕೊಂಡಿರುವುದು 1975ರ ಡಿಸೆಂಬರಿನಲ್ಲಿ ಐಲೆಂಡ್ ರೆಕಾರ್ಡ್ಸ್ ಹೊರತಂದ ‘ಮಾರ್ಕಸ್ ಗಾರ್ವೆ’ ಎಂಬ ಆಲ್ಬಮ್. ಹಾಡಿದ್ದು ಬರ್ನಿಂಗ್ ಸ್ಪಿಯರ್. 10 ಹಾಡು, ಅರ್ಧ ಗಂಟೆಗಿಂತ ತುಸು ಹೆಚ್ಚು ಅವಧಿ. ರೆಗೆ ಅಂದರೆ ಬಾಬ್ ಮಾರ್ಲಿ ಅಂತಷ್ಟೇ ತಿಳಿದವರಿಗೂ ಇದನ್ನು ಕೇಳಿದರೆ ಅದೇ ನಾಡಿನ ಇನ್ನೊಂದು ಕೊರಳು ಅಂತ ತಕ್ಷಣ ಗೊತ್ತಾಗ್ತದೆ. ಮಾರ್ಲಿಯ ಹಾಡು ನಿಮ್ಮನ್ನು ಒಳಕ್ಕೆ ಕರೆಯುತ್ತದೆ. ಇದು ಕರೆಯುವುದಿಲ್ಲ, ನಿಂತಲ್ಲೇ ನಿಂತು ಪ್ರಶ್ನೆ ಕೇಳುತ್ತದೆ.

ನನಗೆ ಇದರಲ್ಲಿ ಬಹಳ ದಿನ ತೊಡಕಾಗಿದ್ದ ಒಂದು ಸಂಗತಿಯಿಂದಲೇ ಶುರು ಮಾಡ್ತೇನೆ. ಈ ಆಲ್ಬಮ್ಮಿನಲ್ಲಿ ‘ಓಲ್ಡ್ ಮಾರ್ಕಸ್ ಗಾರ್ವೆ’ ಎಂಬ ಹಾಡು ಉಂಟು. ಮುದುಕ ಗಾರ್ವೆಯನ್ನು ಯಾರೂ ನೆನೆಯುವುದಿಲ್ಲ ಎಂಬುದು ಅದರ ದೂರು. ಆದರೆ ಚರಿತ್ರೆ ಏನು ಹೇಳ್ತದೆ? 1940ರಲ್ಲಿ ಲಂಡನ್ನಿನಲ್ಲಿ ತೀರಿಕೊಂಡು ಅಲ್ಲೇ ಮಣ್ಣಾಗಿದ್ದ ಗಾರ್ವೆಯ ಅಸ್ಥಿಯನ್ನು 1964ರಲ್ಲಿ ಜಮೈಕಾ ಸರಕಾರ ತಾಯ್ನಾಡಿಗೆ ತರಿಸಿ ಕಿಂಗ್‌ಸ್ಟನ್ನಿನಲ್ಲಿ ಸಕಲ ಮರ್ಯಾದೆಯೊಂದಿಗೆ ಇಟ್ಟಿತು. ಅದೇ ವರ್ಷ ಅವನನ್ನು ದೇಶದ ಮೊತ್ತಮೊದಲ ರಾಷ್ಟ್ರವೀರನೆಂದು ಘೋಷಿಸಿತು. ಅಂದರೆ ಹಾಡು ಬರುವ ಹೊತ್ತಿಗೆ ಗಾರ್ವೆ 11 ವರ್ಷಗಳಿಂದ ಅಧಿಕೃತ ವೀರ. ಹೀಗಿರುವಾಗ ಅವನನ್ನು ಯಾರೂ ನೆನೆಯುವುದಿಲ್ಲ ಅಂತ ಅವನದೇ ಊರಿನ ಹಾಡುಗಾರ ಹೇಳಿದರೆ, ಅದು ಸುಳ್ಳಲ್ವಾ?

ಮೊದಲು ಕೇಳಿದಾಗ ನಾನು ಅದನ್ನು ಕವಿಯ ಉತ್ಪ್ರೇಕ್ಷೆ ಅಂತ ಬದಿಗಿಟ್ಟಿದ್ದೆ. ಈಗ ನನಗೆ ಅನಿಸುವುದು, ಇಡೀ ಆಲ್ಬಮ್ಮಿನ ಕೀಲಿ ಅಲ್ಲೇ ಇದೆ ಅಂತ. ಗೌರವ ಬೇರೆ, ನೆನಪು ಬೇರೆ. ಗೌರವವನ್ನು ಪ್ರಭುತ್ವ ಒಂದು ದಿನದಲ್ಲಿ ಕೊಟ್ಟು ಮುಗಿಸಬಲ್ಲದು. ನೆನಪನ್ನು ಯಾರಾದರೂ ದಿನಾ ಮಾಡಬೇಕು. ಈ ಆಲ್ಬಮ್ಮಿನ ಸಂಗೀತಗಾರರು ಆ ಕೆಲಸವನ್ನು ಹೇಗೆ ಮಾಡಿದರು, ಎಲ್ಲಿ ಗೆದ್ದರು, ಎಲ್ಲಿ ಅವರೂ ಮರೆತರು ಎಂಬುದೇ ನನ್ನ ಮಾತು.

ಗಾರ್ವೆಯ ಪರಿಚಯ ಇಲ್ಲದವರಿಗೆ ಎರಡು ಮಾತು. 1887ರಲ್ಲಿ ಜಮೈಕಾದ ಉತ್ತರ ಕರಾವಳಿಯ ಸೇಂಟ್ ಆನ್ಸ್ ಬೇ ಎಂಬ ಊರಿನಲ್ಲಿ ಹುಟ್ಟಿದವನು. 1914ರಲ್ಲಿ ಕರಿಯರ ಏಳಿಗೆಗೆಂದು ಒಂದು ಸಂಘ ಕಟ್ಟಿದ. ಅಮೆರಿಕಕ್ಕೆ ಹೋದ ಮೇಲೆ ಅದು ಹಲವು ದೇಶಗಳಿಗೆ ಹಬ್ಬಿತು. 1919ರಲ್ಲಿ ಕರಿಯರದೇ ಬಂಡವಾಳದಿಂದ ‘ಬ್ಲ್ಯಾಕ್ ಸ್ಟಾರ್ ಲೈನ್’ ಎಂಬ ಹಡಗು ಕಂಪೆನಿ ತೆಗೆದ. ಅದರ ಷೇರು ಮಾರಾಟದಲ್ಲಿ ಅಂಚೆ ಮೂಲಕ ವಂಚನೆ ಮಾಡಿದನೆಂದು 1923ರಲ್ಲಿ ಶಿಕ್ಷೆಯಾಯಿತು. ಅಟ್ಲಾಂಟಾದ ಜೈಲಿನಲ್ಲಿದ್ದವನನ್ನು 1927ರಲ್ಲಿ ಬಿಡಿಸಿ ಗಡೀಪಾರು ಮಾಡಿದರು. ಜಮೈಕಾಕ್ಕೆ ಬಂದು ಪಕ್ಷ ಕಟ್ಟಿದ. ಅಲ್ಲಿನ ವಸಾಹತು ಸರಕಾರವೂ ನ್ಯಾಯಾಂಗ ನಿಂದನೆಯ ನೆಪದಲ್ಲಿ ಮೂರು ತಿಂಗಳು ಒಳಗೆ ಹಾಕಿತು. ಕೊನೆಗೆ 1935ರಲ್ಲಿ ಲಂಡನ್ನಿಗೆ ಹೋದ, ಅಲ್ಲೇ ಮುಗಿದ.

ಬರ್ನಿಂಗ್ ಸ್ಪಿಯರ್ ಎಂದು ಹೆಸರಿಟ್ಟುಕೊಂಡ ವಿನ್‌ಸ್ಟನ್ ರಾಡ್ನಿಯೂ ಸೇಂಟ್ ಆನ್ಸ್ ಬೇಯವನೇ. ಹೆಸರು ಮಾತ್ರ ಆಫ್ರಿಕದ್ದು. ‘ಉರಿಯುವ ಈಟಿ’ ಎಂಬುದು ಕೀನ್ಯಾದ ಮೊದಲ ಅಧ್ಯಕ್ಷ ಜೊಮೊ ಕೆನ್ಯಾಟಾನಿಗೆ ಇದ್ದ ಬಿರುದು. ಅದೇ ಜಿಲ್ಲೆಯ ನೈನ್ ಮೈಲ್ ಎಂಬ ಗುಡ್ಡದೂರಿನ ಮಾರ್ಲಿಯನ್ನು ಕಂಡು, ಅವನ ಸಲಹೆಯ ಮೇರೆಗೆ ಕಿಂಗ್‌ಸ್ಟನ್ನಿನ ಸ್ಟುಡಿಯೋ ಒನ್‌ಗೆ ಹೋದ. 1969ರಿಂದ ಅಲ್ಲಿ ಹಾಡಿದ ಹಾಡುಗಳು ಎರಡು ಆಲ್ಬಮ್ ಆದವು. ಒಳ್ಳೆಯ ಹಾಡುಗಳೇ, ಆದರೆ ಕೊರಳಿಗೆ ಸರಿಯಾದ ಜಾಗ ಸಿಕ್ಕಿರಲಿಲ್ಲ. ಆ ಜಾಗ ಮಾಡಿಕೊಟ್ಟವನು ಓಚೊ ರಿಯೋಸ್ ಎಂಬ ಪಕ್ಕದೂರಿನ ಲಾರೆನ್ಸ್ ಲಿಂಡೊ. ಎಲ್ಲರೂ ಅವನನ್ನು ಜ್ಯಾಕ್ ರೂಬಿ ಅಂತಲೇ ಕರೆಯುತ್ತಿದ್ದರು.

ಜ್ಯಾಕ್ ರೂಬಿಯ ಮೂಲ ಕಸುಬು ಸೌಂಡ್ ಸಿಸ್ಟಮ್ ನಡೆಸುವುದು. ಅದರ ಹೆಸರು ಹೈ ಪವರ್. ಸೌಂಡ್ ಸಿಸ್ಟಮ್ ಅಂದರೆ ನಮ್ಮ ಜಾತ್ರೆಯ ಮೈಕ್ ಸೆಟ್ಟಿನ ಹಾಗೆ ಅಂದುಕೊಂಡರೆ ಪೂರ್ತಿ ತಪ್ಪಲ್ಲ, ಆದರೆ ಅಲ್ಲಿ ಅದೇ ಕಾರ್ಯಕ್ರಮ. ಆಳೆತ್ತರದ ಪೆಟ್ಟಿಗೆಗಳನ್ನು ಬಯಲಲ್ಲಿ ಪೇರಿಸಿ ರೆಕಾರ್ಡು ಹಾಕುತ್ತಾರೆ, ಜನ ಅದರ ಎದುರು ನಿಂತು ಬಾಸನ್ನು ಎದೆಯಲ್ಲಿ ಕೇಳುತ್ತಾರೆ. ‘ಮಾರ್ಕಸ್ ಗಾರ್ವೆ’ ಹಾಡನ್ನು ರೂಬಿ ಮುದ್ರಿಸಿಕೊಂಡದ್ದು ಅಂಥ ಪೆಟ್ಟಿಗೆಗಳಿಗೆ ಒಗ್ಗುವ ಹಾಗೆ. ನಾನು ಇದನ್ನು ಮೊದಲು ಕೇಳಿದ್ದು ಮೊಬೈಲಿನ ಸ್ಪೀಕರಿನಲ್ಲಿ. ಕೊರಳು ಕೇಳಿತು, ಕಹಳೆ ಕೇಳಿತು. ಇಷ್ಟೇನಾ ಅನಿಸಿತು. ವರ್ಷದ ಮೇಲೆ ಗೆಳೆಯರೊಬ್ಬರ ಮನೆಯ ದೊಡ್ಡ ಪೆಟ್ಟಿಗೆಯಲ್ಲಿ ಕೇಳಿದಾಗ ಹಾಡಿನ ನೆಲವೇ ಬೇರೆ ಅಂತ ಗೊತ್ತಾಯ್ತು. ಆ ವರ್ಷವಿಡೀ ನಾನು ಆ ಹಾಡಿನ ಬಗ್ಗೆ ಆಡಿದ ಮಾತೆಲ್ಲ ಬಾಸ್ ಇಲ್ಲದ ಮಾತು.

ಈಗ ‘ಓಲ್ಡ್ ಮಾರ್ಕಸ್ ಗಾರ್ವೆ’ಗೆ ಮರಳುವ. ಈ ಹಾಡಿನಲ್ಲಿ ರಾಡ್ನಿ ಕೆಲವು ಹೆಸರುಗಳನ್ನು ಹಾಜರಿ ಕೂಗಿದ ಹಾಗೆ ಕೂಗುತ್ತಾನೆ: ಪಾಲ್ ಬೋಗಲ್, ವಿಲಿಯಂ ಗಾರ್ಡನ್, ನಾರ್ಮನ್ ವಾಷಿಂಗ್ಟನ್ ಮ್ಯಾನ್ಲಿ, ಬಸ್ಟಮಾಂಟೆ. ಇವರ ಮಾತನ್ನೆಲ್ಲ ಆಡುತ್ತೀರಿ, ಗಾರ್ವೆಯ ಮಾತು ಯಾಕಿಲ್ಲ ಎಂಬುದು ಧಾಟಿ. ಬೋಗಲ್ ಮತ್ತು ಗಾರ್ಡನ್ 1865ರ ಮೊರಾಂಟ್ ಬೇ ದಂಗೆಯ ನಂತರ ಗಲ್ಲಿಗೇರಿದವರು. ಮ್ಯಾನ್ಲಿ ಮತ್ತು ಬಸ್ಟಮಾಂಟೆ ಆಧುನಿಕ ಜಮೈಕಾದ ಎರಡು ದೊಡ್ಡ ಪಕ್ಷಗಳ ಸ್ಥಾಪಕರು. 1969ರ ಹೊತ್ತಿಗೆ ಈ ನಾಲ್ವರೂ ಗಾರ್ವೆಯ ಸಾಲಿನಲ್ಲೇ ರಾಷ್ಟ್ರವೀರರು. ಆದ್ದರಿಂದ ಇದು ಬರೀ ಹೆಸರುಗಳ ಪಟ್ಟಿ ಅಲ್ಲ, ಸರಕಾರಿ ಪಟ್ಟಿಯನ್ನೇ ರಾಡ್ನಿ ಓದಿ ಹೇಳ್ತಾ ಇದ್ದಾನೆ. ಹಾಡು ಬಂದಾಗ ಪ್ರಧಾನಿಯಾಗಿದ್ದವನು ನಾರ್ಮನ್ ಮ್ಯಾನ್ಲಿಯ ಮಗ ಮೈಕಲ್ ಮ್ಯಾನ್ಲಿ. ಬಸ್ಟಮಾಂಟೆ ಇನ್ನೂ ಬದುಕಿದ್ದ. ಅವನ ಪಕ್ಷದ ಸರಕಾರವೇ ಗಾರ್ವೆಯ ಅಸ್ಥಿ ತರಿಸಿದ್ದು.

ಇಷ್ಟು ತಿಳಿದ ಮೇಲೆ ಹಾಡಿನ ದೂರು ಬೇರೆಯೇ ಕೇಳಿಸ್ತದೆ. ಪಟ್ಟಿಯಲ್ಲಿ ಗಾರ್ವೆಯ ಹೆಸರು ಇಲ್ಲ ಅಂತ ದೂರಲ್ಲ. ಪಟ್ಟಿಯಲ್ಲಿ ಸೇರಿಸಿ ಮುಗಿಸಿಬಿಟ್ಟಿರಿ ಅಂತ ದೂರು. ಮಿಕ್ಕವರಿಗೆ ಪಕ್ಷ ಇದೆ, ಮಗ ಇದ್ದಾನೆ, ಪಾಠ ಇದೆ. ಗಾರ್ವೆಗೆ ಇರುವುದು ಕಲ್ಲು. ಹಾಡಿನ ಶೀರ್ಷಿಕೆಯ ‘ಓಲ್ಡ್’ ಎಂಬ ಪದವನ್ನೂ ಗಮನಿಸಿ. ಮನೆಯ ಹಿರಿಯನನ್ನು ಕುರಿತು ಆಡುವ ಸಲುಗೆಯ ಪದ ಅದು, ‘ನಮ್ಮ ಅಜ್ಜ’ ಅಂದ ಹಾಗೆ. ರಾಷ್ಟ್ರವೀರನನ್ನು ರಾಡ್ನಿ ಪೀಠದಿಂದ ಇಳಿಸಿ ಚಾವಡಿಯಲ್ಲಿ ಕೂರಿಸುತ್ತಾನೆ.

‘ಸ್ಲೇವರಿ ಡೇಸ್’ ಇನ್ನೂ ಸೂಕ್ಷ್ಮವಾದ ರಚನೆ. ಗುಲಾಮಗಿರಿಯ ದಿನಗಳು ನೆನಪಿವೆಯೇ ಎಂಬ ಒಂದೇ ಪ್ರಶ್ನೆಯನ್ನು ರಾಡ್ನಿ ಮತ್ತೆ ಮತ್ತೆ ಕೇಳುತ್ತಾನೆ. ಜಮೈಕಾದಲ್ಲಿ ಗುಲಾಮಗಿರಿ ಕಾನೂನಿನ ಪ್ರಕಾರ ಕೊನೆಯಾದದ್ದು 1834ರಲ್ಲಿ, ‘ತರಬೇತಿ’ಯ ಹೆಸರಿನ ಅರೆಗುಲಾಮಗಿರಿ 1838ರವರೆಗೆ ನಡೆಯಿತು. 1975ರಲ್ಲಿ ಅದನ್ನು ಕಣ್ಣಾರೆ ಕಂಡವರು ಒಬ್ಬರೂ ಇಲ್ಲ. ಹಾಗಾದರೆ ಕಾಣದ್ದನ್ನು ನೆನಪಿದೆಯೇ ಅಂತ ಕೇಳುವುದಕ್ಕೆ ಏನರ್ಥ? ಮಾಹಿತಿ ಇದೆಯೇ ಅಂತ ಅವನು ಕೇಳುವುದಿಲ್ಲ. ಮೈಗೆ ಗೊತ್ತಿದೆಯೇ ಅಂತ ಕೇಳ್ತಾನೆ. ಪ್ರಶ್ನೆಯ ಬೆನ್ನಿಗೆ ರೂಪರ್ಟ್ ವಿಲಿಂಗ್ಟನ್ ಮತ್ತು ಡೆಲ್‌ರಾಯ್ ಹೈಂಡ್ಸ್ ಎಂಬ ಇಬ್ಬರು ದನಿಗೂಡಿಸುತ್ತಾರೆ. ಅವರು ಉತ್ತರ ಕೊಡುವುದಿಲ್ಲ, ಪ್ರಶ್ನೆಗೇ ಹೆಗಲು ಕೊಡ್ತಾರೆ. ಭಜನೆಯಲ್ಲಿ ಮುಮ್ಮೇಳದವನು ಹೇಳಿದ್ದನ್ನು ಹಿಮ್ಮೇಳ ಹಿಂತಿರುಗಿಸುವಾಗ ಆಗುವುದು ಇದೇ. ಕೇಳಿದ್ದು ಒಬ್ಬನ ಮಾತಾಗಿ ಹೊರಟು ಊರಿನ ಮಾತಾಗಿ ಮರಳುತ್ತದೆ.

ಒಂದು ಆಕ್ಷೇಪ ಬರಬಹುದು: ಒಂದೇ ಸಾಲನ್ನು ಹೀಗೆ ತಿರುಗಿಸುವುದು ಸಾಹಿತ್ಯದ ಬಡತನ ಅಲ್ವಾ ಅಂತ. ಅಚ್ಚಿನಲ್ಲಿ ಇಟ್ಟು ಓದಿದರೆ ಹೌದು, ಬಡತನವೇ. ಹಾಡನ್ನು ಕವಿತೆಯ ಹಾಗೆ ಪುಟದ ಮೇಲೆ ಹರಡಿ ಅರ್ಥ ಹೇಳುವ ನಮ್ಮ ವಿಭಾಗಗಳ ಅಭ್ಯಾಸ ಇಲ್ಲಿ ಕೈಕೊಡ್ತದೆ. ಅದೇ ಸಾಲು ಎರಡನೆಯ ಸಲ ಬರುವಾಗ ಕೊರಳು ತುಸು ಹಿಂದೆ ಸರಿದಿರುತ್ತದೆ, ಮೂರನೆಯ ಸಲ ಅರ್ಧ ಪದ ನರಳಾಟವಾಗಿರುತ್ತದೆ. ‘ರಾಕರ್ಸ್’ ಎಂಬ 1978ರ ಜಮೈಕಾ ಸಿನಿಮಾದಲ್ಲಿ ಇದೇ ರಾಡ್ನಿ ರಾತ್ರಿ ಹೊತ್ತು ಕಡಲ ಬದಿಯಲ್ಲಿ ಕೂತು ಯಾವ ವಾದ್ಯವೂ ಇಲ್ಲದೆ ಹಾಡುವ ದೃಶ್ಯ ಉಂಟು. ಆ ಕೊರಳಲ್ಲಿ ಎಷ್ಟು ಗಾಳಿ, ಎಷ್ಟು ಒರಟು, ಎಷ್ಟು ತಾಳ್ಮೆ ಇದೆ ಅಂತ ತಿಳಿಯಬೇಕಾದವರು ಅದನ್ನು ನೋಡಬೇಕು.

ಭಾಷೆಯ ಬಗ್ಗೆಯೂ ಇಲ್ಲೇ ಹೇಳಿಬಿಡ್ತೇನೆ. ಇದು ಜಮೈಕಾದ ಪಾಟ್ವಾ. ಶಾಲೆಯ ಇಂಗ್ಲಿಷಿನ ಕಿವಿಗೆ ‘ಮುರುಕು ಇಂಗ್ಲಿಷ್’ ಅನಿಸುವ, ಆದರೆ ತನ್ನದೇ ವ್ಯಾಕರಣ ಇರುವ ನುಡಿ. ಅದರೊಳಗೆ ರಾಸ್ತಾಫಾರಿಗಳು ಮಾಡಿಕೊಂಡ ಪದಗಳು ಬೇರೆ. ‘ನಾವು’ ಎನ್ನಬೇಕಾದಲ್ಲಿ ‘ನಾನು ಮತ್ತು ನಾನು’ ಅನ್ನುತ್ತಾರೆ. ಎದುರಿರುವವನನ್ನು ‘ನೀನು’ ಎಂದು ದೂರ ಇಡದ ಬಹುವಚನ ಅದು. ‘ದಿ ಇನ್ವೇಷನ್’ ಹಾಡಿನಲ್ಲಿ ಬರುವ ‘ವದದ’ ಇಥಿಯೋಪಿಯಾದ ಅಮ್ಹಾರಿಕ್‌ನಿಂದ ಬಂದದ್ದು, ರಾಸ್ತಾಗಳ ಬಳಕೆಯಲ್ಲಿ ಪ್ರೀತಿ ಎಂದರ್ಥ. ಸಂಸ್ಕೃತಿಯನ್ನು ಕದ್ದವರ ಮೇಲಿನ ಹಾಡಿನಲ್ಲಿ, ಕದಿಯಲಾಗದ ಕಡೆಯಿಂದ ಹೆಕ್ಕಿದ ಒಂದು ಪದ. ಮನೆಯಲ್ಲಿ ಒಂದು ನುಡಿ, ಶಾಲೆಯಲ್ಲಿ ಒಂದು, ಕಚೇರಿಯ ಅರ್ಜಿಯಲ್ಲಿ ಮತ್ತೊಂದು ಅಂತ ಬೆಳೆದ ಕಾಸರಗೋಡಿನ ನನ್ನಂಥವರಿಗೆ ಇದನ್ನು ಕೇಳುವುದಕ್ಕೆ ಕಿವಿ ಸ್ವಲ್ಪ ಸಿದ್ಧವಾಗಿರುತ್ತದೆ ಅಂತ ಮಾತ್ರ ಹೇಳಬಹುದು. ಅದಕ್ಕಿಂತ ಹೆಚ್ಚಿನ ಹೋಲಿಕೆಗೆ ನಾನು ಹೋಗುವುದಿಲ್ಲ. ಯಾಕೆಂದು ಆಮೇಲೆ ಹೇಳ್ತೇನೆ.

ಈಗ ವಾದ್ಯಗಾರರು. ನನಗೆ ಹೆಚ್ಚು ಹೊತ್ತು ಮಾತಾಡಬೇಕಾದ್ದು ಇವರ ಬಗ್ಗೆಯೇ.

ಆಲ್ಬಮ್ ಇವರನ್ನು ‘ಬ್ಲ್ಯಾಕ್ ಡಿಸೈಪಲ್ಸ್’ ಎನ್ನುತ್ತದೆ. ಆ ಹೆಸರಿನ ತಂಡ ಊರೂರು ಸುತ್ತಿ ಕಟ್ಟಿಕೊಂಡದ್ದಲ್ಲ. ಕಿಂಗ್‌ಸ್ಟನ್ನಿನ ಸ್ಟುಡಿಯೋಗಳಲ್ಲಿ ದಿನಗೂಲಿಯ ಹಾಗೆ ನುಡಿಸುತ್ತಿದ್ದ ಅತ್ಯುತ್ತಮರನ್ನು ಜ್ಯಾಕ್ ರೂಬಿ ಒಟ್ಟುಮಾಡಿದ. ಡ್ರಮ್ಸಿಗೆ ಲೆರಾಯ್ ‘ಹಾರ್ಸ್‌ಮೌತ್’ ವ್ಯಾಲೇಸ್. ಬಾಸಿಗೆ ಇಬ್ಬರು, ರಾಬಿ ಶೇಕ್ಸ್‌ಪಿಯರ್ ಮತ್ತು ವೇಲರ್ಸ್ ತಂಡದ ಆಸ್ಟನ್ ‘ಫ್ಯಾಮಿಲಿ ಮ್ಯಾನ್’ ಬ್ಯಾರೆಟ್. ಗಿಟಾರಿಗೆ ಅರ್ಲ್ ‘ಚಿನ್ನಾ’ ಸ್ಮಿತ್, ಟೋನಿ ಚಿನ್. ಕೀಬೋರ್ಡಿಗೆ ಬರ್ನಾರ್ಡ್ ‘ಟೌಟರ್’ ಹಾರ್ವೆ, ಟೈರೋನ್ ಡೌನಿ. ಟ್ರಂಪೆಟ್ ಬಾಬಿ ಎಲ್ಲಿಸ್, ಟ್ರಾಂಬೋನ್ ವಿನ್ ಗಾರ್ಡನ್, ಸ್ಯಾಕ್ಸೋಫೋನಿಗೆ ರಿಚರ್ಡ್ ‘ಡರ್ಟಿ ಹ್ಯಾರಿ’ ಹಾಲ್ ಮತ್ತು ಹರ್ಮನ್ ಮಾರ್ಕ್ವಿಸ್, ಕೊಳಲಿಗೆ ಕಾರ್ಲ್ಟನ್ ಸ್ಯಾಮ್ಯುಯಲ್ಸ್. ಹೆಸರುಗಳನ್ನು ಪೂರ್ತಿ ಓದಿದ್ದು ಬೇಕೆಂದೇ. ಮರೆವಿನ ಮೇಲಿನ ಆಲ್ಬಮ್ಮಿನ ಬಗ್ಗೆ ಮಾತಾಡುವಾಗ ‘ಮತ್ತು ಇತರರು’ ಅನ್ನುವುದು ಚಂದ ಕಾಣುವುದಿಲ್ಲ.

ಧ್ವನಿಮುದ್ರಣ ಆದದ್ದು ಕಿಂಗ್‌ಸ್ಟನ್ನಿನ ನಾರ್ತ್ ಪರೇಡಿನಲ್ಲಿದ್ದ ರಾಂಡೀಸ್ ಸ್ಟುಡಿಯೋದಲ್ಲಿ. ಕೆಳಗೆ ಚಿನ್ ಕುಟುಂಬದ ರೆಕಾರ್ಡ್ ಅಂಗಡಿ, ಮೇಲೆ ಸ್ಟುಡಿಯೋ.

ರೆಗೆಯ ‘ಒನ್ ಡ್ರಾಪ್’ ತಾಳದ ಬಗ್ಗೆ ನೀವು ಕೇಳಿರಬಹುದು. ನಾಲ್ಕು ಎಣಿಕೆಯಲ್ಲಿ ಮೊದಲನೆಯದು ಖಾಲಿ. ಬೇರೆ ಸಂಗೀತದಲ್ಲಿ ಒತ್ತು ಬೀಳುವ ಜಾಗದಲ್ಲಿ ಇಲ್ಲಿ ಏನೂ ಇಲ್ಲ. ದೊಡ್ಡ ಡ್ರಮ್ಮೂ ಸಣ್ಣ ಡ್ರಮ್ಮೂ ಒಟ್ಟಿಗೆ ಬೀಳುವುದು ಮೂರನೆಯದಕ್ಕೆ. ಎರಡು ಮತ್ತು ನಾಲ್ಕಕ್ಕೆ ಗಿಟಾರು ಚುಟುಕಾಗಿ ಕತ್ತರಿಸುತ್ತದೆ. ಸಮದ ಮೇಲೆ ಬಂದು ನಿಲ್ಲುವುದನ್ನೇ ಕಾಯುವ ನಮ್ಮ ಕಿವಿಗೆ ಇದು ಮೆಟ್ಟಿಲು ತಪ್ಪಿದ ಹಾಗೆ. ಆ ಖಾಲಿ ಜಾಗ ಇರುವುದರಿಂದಲೇ ರಾಡ್ನಿಗೆ ಅವಸರ ಇಲ್ಲ. ಸಾಲನ್ನು ಎಲ್ಲಿ ಬೇಕಾದರೂ ಶುರು ಮಾಡಬಹುದು, ಎಲ್ಲಿ ಬೇಕಾದರೂ ಬಿಡಬಹುದು. ಬಾಸು ಅವನಿಗಾಗಿ ಕಾಯುವುದಿಲ್ಲ, ಅವನನ್ನು ಬಿಟ್ಟೂ ಹೋಗುವುದಿಲ್ಲ, ತನ್ನ ನುಡಿಯನ್ನು ತಾನು ಹೇಳಿಕೊಂಡು ಸುತ್ತುತ್ತಿರುತ್ತದೆ. ಪ್ರಶ್ನೆ ಕೇಳುವವನಿಗೆ ಇಂಥ ನೆಲ ಬೇಕು. ತಾಳ ಪ್ರತಿ ಆವರ್ತದಲ್ಲೂ ಘಟ್ಟಿಸಿ ‘ಸಮ’ ಹೇಳಿದರೆ ಪ್ರಶ್ನೆಗೆ ಉತ್ತರ ಸಿಕ್ಕಿಬಿಟ್ಟ ಹಾಗೆ ಕೇಳಿಸ್ತಿತ್ತು.

ಗಾಳಿವಾದ್ಯಗಳ ವಿಷಯ ಬೇರೆ. ಬಾಬಿ ಎಲ್ಲಿಸ್, ವಿನ್ ಗಾರ್ಡನ್ ಇಬ್ಬರೂ, ಡ್ರಮ್ಸಿನ ಹಾರ್ಸ್‌ಮೌತ್ ಕೂಡ, ಕಿಂಗ್‌ಸ್ಟನ್ನಿನ ಆಲ್ಫಾ ಬಾಯ್ಸ್ ಸ್ಕೂಲಿನಲ್ಲಿ ಕಲಿತವರು. 1880ರಲ್ಲಿ ಶುರುವಾದ ಆ ಸಂಸ್ಥೆಯನ್ನು ಕ್ಯಾಥೊಲಿಕ್ ಸನ್ಯಾಸಿನಿಯರು ನಡೆಸುತ್ತಿದ್ದರು. ಬಡ ಮತ್ತು ದಿಕ್ಕಿಲ್ಲದ ಹುಡುಗರಿಗೆ ಅಲ್ಲಿ ಕಸುಬು ಕಲಿಸುತ್ತಿದ್ದರು, ಬ್ಯಾಂಡಿನಲ್ಲಿ ಕವಾಯತಿನ ಸಂಗೀತ ಕಲಿಸುತ್ತಿದ್ದರು. ಜಮೈಕಾದ ಕಹಳೆಗಾರರಲ್ಲಿ ಎಷ್ಟೋ ಮಂದಿ ಅಲ್ಲಿಂದ ಬಂದವರೇ. ಈ ಆಲ್ಬಮ್ಮಿನಲ್ಲಿ ಗಾಳಿವಾದ್ಯಗಳು ಒಟ್ಟಾಗಿ ಒಂದು ಚಿಕ್ಕ ನುಡಿಯನ್ನು ಊದಿ ನಿಲ್ಲಿಸ್ತವೆ, ಮತ್ತೆ ಅದನ್ನೇ ಊದುತ್ತವೆ. ಜಾಝಿನ ಹಾಗೆ ಒಬ್ಬೊಬ್ಬರು ಮುಂದೆ ಬಂದು ಪ್ರತಿಭೆ ತೋರಿಸುವುದಿಲ್ಲ. ನನಗೆ ಅದರಲ್ಲಿ ಶವಯಾತ್ರೆಯ ಬ್ಯಾಂಡು ಕೇಳಿಸ್ತದೆ. 1940ರಲ್ಲಿ ಗಾರ್ವೆಗೆ ಸಿಗದೇ ಹೋದ ಮೆರವಣಿಗೆಯನ್ನು 35 ವರ್ಷ ತಡವಾಗಿ ಈ ನಾಲ್ವರು ಊದಿ ಕೊಟ್ಟ ಹಾಗೆ. ವಸಾಹತು ಕಾಲದ ಕವಾಯತಿನ ಶಿಸ್ತನ್ನು ಅವರು ಬಿಡಲಿಲ್ಲ, ಅದೇ ಶಿಸ್ತಿನಿಂದ ಬೇರೆ ರಾಜನಿಗೆ ಸಲಾಮು ಹೊಡೆದರು.

ಇಷ್ಟು ಕೊಟ್ಟವರಿಗೆ ಸಿಕ್ಕಿದ್ದೇನು? ಆ ಕಾಲದ ಪದ್ಧತಿಯಲ್ಲಿ ನುಡಿಸಿದವರಿಗೆ ಹಾಡಿಗಿಷ್ಟು ಅಂತ ಒಮ್ಮೆ ಕೂಲಿ, ಅಲ್ಲಿಗೆ ಲೆಕ್ಕ ಚುಕ್ತಾ. ಹಕ್ಕು ಹಾಡು ಬರೆದವನದು ಮತ್ತು ನಿರ್ಮಾಪಕನದು. ರೆಗೆಯಲ್ಲಿ ಬಾಸಿನ ನುಡಿಯೇ ಹಾಡಿನ ಗುರುತು, ಅದೇ ನುಡಿಯ ಮೇಲೆ ಹತ್ತಾರು ಬೇರೆ ಹಾಡು ಕಟ್ಟುತ್ತಾರೆ. ಆದರೂ ಅದನ್ನು ಕಂಡುಕೊಂಡವನು ಹಕ್ಕಿನ ಕಣ್ಣಿಗೆ ಕೂಲಿಯವನು. ಫ್ಯಾಮಿಲಿ ಮ್ಯಾನ್ ಬ್ಯಾರೆಟ್ ವೇಲರ್ಸ್ ಆಲ್ಬಮ್ಮುಗಳ ಪಾಲಿಗಾಗಿ ಲಂಡನ್ನಿನಲ್ಲಿ ದಾವೆ ಹೂಡಿದ. 2006ರಲ್ಲಿ ಹೈಕೋರ್ಟು ಅದನ್ನು ವಜಾ ಮಾಡಿತು. ಕಾನೂನಿನ ಮಾತು ಕಾನೂನಿಗೆ. ವಿಮರ್ಶೆಯಾದರೂ ಬೇರೆ ಲೆಕ್ಕ ಇಟ್ಟುಕೊಳ್ಳಬಹುದಲ್ಲ?

ದನಿಗೂಡಿಸಿದ ಇಬ್ಬರ ಕಥೆಯೂ ಹೀಗೆಯೇ. 1975ರಲ್ಲಿ ಬರ್ನಿಂಗ್ ಸ್ಪಿಯರ್ ಅಂದರೆ ಮೂವರು. 1976ರ ‘ಮ್ಯಾನ್ ಇನ್ ದ ಹಿಲ್ಸ್’ ಆದ ಮೇಲೆ ರಾಡ್ನಿ ವಿಲಿಂಗ್ಟನ್ ಮತ್ತು ಹೈಂಡ್ಸ್‌ರಿಂದ ಬೇರೆಯಾದ, ಜ್ಯಾಕ್ ರೂಬಿಯಿಂದಲೂ ಬೇರೆಯಾದ. ಅಲ್ಲಿಂದಾಚೆ ಬರ್ನಿಂಗ್ ಸ್ಪಿಯರ್ ಅಂದರೆ ರಾಡ್ನಿ ಒಬ್ಬನೇ. ಇವತ್ತು ಆಲ್ಬಮ್ ಹುಡುಕಿದರೆ ಒಬ್ಬನ ಮುಖ ಬರ್ತದೆ. ಅಜ್ಜನನ್ನು ಯಾರೂ ನೆನೆಯುವುದಿಲ್ಲ ಅಂತ ಮೂವರು ಕೂಡಿ ಹಾಡಿದರು. ಕೂಡಿ ಹಾಡಿದ ಇಬ್ಬರನ್ನು ನೆನೆಯುವವರು ಕಡಿಮೆ.

ಇನ್ನು ಐಲೆಂಡ್ ಕಂಪೆನಿಯ ಪ್ರಕರಣ. ಜಮೈಕಾದಲ್ಲಿ ‘ಮಾರ್ಕಸ್ ಗಾರ್ವೆ’ ಹಾಡು ಗೆದ್ದದ್ದನ್ನು ಕಂಡು ಐಲೆಂಡ್ ಆಲ್ಬಮ್ಮನ್ನು ಅಂತರರಾಷ್ಟ್ರೀಯ ಮಾರುಕಟ್ಟೆಗೆ ತಂತು. ತರುವಾಗ ಬಿಳಿಯ ರಾಕ್ ಕೇಳುಗರಿಗೆ ಹಿತವಾಗಲೆಂದು ಮಿಶ್ರಣ ಬದಲಿಸಿತು, ಕೆಲವು ಹಾಡುಗಳ ವೇಗವನ್ನೂ ಬದಲಿಸಿತು. ಜಮೈಕಾದ ಅಭಿಮಾನಿಗಳಿಗೆ ಸಿಟ್ಟು ಬಂತು. ರಾಡ್ನಿ ತನ್ನ ಹಾಡು ತನ್ನ ಕೈಯಲ್ಲಿರಲಿ ಅಂತ ಸ್ವಂತ ಲೇಬಲ್ ತೆರೆದ. ಐಲೆಂಡಿನ ಜೊತೆಗೂ ಕೆಲಸ ಮುಂದುವರಿಸಿದ ಅನ್ನುವುದನ್ನು ಮರೆಯಬಾರದು.

ಈ ಬಗ್ಗೆ ಬರೆಯುವವರು ಹೆಚ್ಚಾಗಿ ಇದನ್ನು ಶುದ್ಧ ಮತ್ತು ಕಲುಷಿತದ ಕಥೆಯಾಗಿ ಹೇಳ್ತಾರೆ. ನಾನೂ ಹಾಗೆಯೇ ಹೇಳ್ತಾ ಇದ್ದೆ. ಕೇಳಿ ಕೇಳಿ ಈಗ ಅನಿಸುವುದು ಬೇರೆ. ಅನ್ಯಾಯ ಆದದ್ದು ನಿಜ, ಯಾಕೆಂದರೆ ಹಾಡಿದವನ ಇಚ್ಛೆಯ ಪ್ರಕಾರ ಆಗಲಿಲ್ಲ. ಆದರೆ ಈ ಸಂಗೀತ ಹಾಳಾಗಲಿಲ್ಲ. ಕೆನೆ ತೆಗೆದರೂ ಹಾಲು ಹಾಲೇ. ಜನ ಕೇಳಿದ್ದೂ ಬೆಳೆದದ್ದೂ ಆ ಬದಲಿಸಿದ ಆಲ್ಬಮ್ಮಿನ ಮೇಲೆಯೇ, ನಾನು ಸಹ. ನನಗೆ ನಿಜವಾಗಿ ತಕರಾರು ಇರುವುದು ಅದರ ಹಿಂದಿನ ಊಹೆಯ ಬಗ್ಗೆ: ದೂರದ ಕೇಳುಗನಿಗೆ ಇಷ್ಟು ನಿಧಾನ, ಇಷ್ಟು ಭಾರ ತಡೆಯದು ಎಂಬ ಊಹೆ. ಆ ಕೇಳುಗನನ್ನು ಯಾರೂ ಕೇಳಿರಲಿಲ್ಲ.

1976ರಲ್ಲಿ ಐಲೆಂಡ್ ಇದರದೇ ಡಬ್ ರೂಪವನ್ನು ‘ಗಾರ್ವೆಸ್ ಘೋಸ್ಟ್’ ಅಂತ ತಂತು. ಡಬ್ ಎಂದರೆ ಹಾಡಿನಿಂದ ಕೊರಳನ್ನು ಹೆಚ್ಚು ಕಡಿಮೆ ತೆಗೆದು, ಡ್ರಮ್ಸ್ ಮತ್ತು ಬಾಸನ್ನು ಮುಂದಕ್ಕೆ ತಂದು, ಉಳಿದದ್ದನ್ನು ಪ್ರತಿಧ್ವನಿಯಲ್ಲಿ ತೇಲಿಸುವ ವಿದ್ಯೆ. ‘ಮಾರ್ಕಸ್ ಗಾರ್ವೆ’ ಅಲ್ಲಿ ‘ದಿ ಘೋಸ್ಟ್’ ಆಗಿದೆ. ಹೆಸರು ಎಷ್ಟು ಚಂದ ನೋಡಿ, ಮಾತು ಹೋದ ಮೇಲೆ ಉಳಿಯುವ ಭೂತ. ಕೆಲಸ ಹೆಸರಿನಷ್ಟು ಧೈರ್ಯದ್ದಲ್ಲ. ಕಿಂಗ್ ಟಬ್ಬಿಯಂಥವನು ಅದೇ ಕಾಲದಲ್ಲಿ ಕಿಂಗ್‌ಸ್ಟನ್ನಿನಲ್ಲಿ ಹಾಡನ್ನು ಬಿಚ್ಚಿ ಎಸೆದು ಮತ್ತೆ ಕಟ್ಟುತ್ತಿದ್ದ. ಇಲ್ಲಿ ಕೊರಳು ಕಡಿಮೆ ಮಾಡಿದ್ದಾರೆ, ಅಷ್ಟೇ. ಆದರೂ ನಾನು ವಿದ್ಯಾರ್ಥಿಗಳಿಗೆ ಮೊದಲು ಇದನ್ನೇ ಕೇಳಿ ಅನ್ನುವುದು. ರಾಡ್ನಿ ಬದಿಗೆ ಸರಿದಾಗ ಆ ದಿನಗೂಲಿಯವರು ಏನು ಮಾಡ್ತಾ ಇದ್ದರು ಅಂತ ಕಾಣುವುದು ಅಲ್ಲಿ.

ಆಲ್ಬಮ್ಮಿನ ಎಲ್ಲ ಹಾಡುಗಳೂ ಒಂದೇ ಎತ್ತರದಲ್ಲಿಲ್ಲ. ‘ಲಿವ್ ಗುಡ್’ ಹಿತವಾಗಿದೆ, ‘ಗಿವ್ ಮಿ’ ಬಂದು ಹೋಗುತ್ತದೆ. ‘ಟ್ರೆಡಿಷನ್’, ‘ಜೋರ್ಡಾನ್ ರಿವರ್’ ಬಗ್ಗೆ ಇನ್ನೊಮ್ಮೆ ಮಾತಾಡಬಹುದು. ನನ್ನ ಗಂಭೀರ ಆಕ್ಷೇಪ ಇರುವುದು ಎಲ್ಲರೂ ಹೊಗಳುವ ಮೊದಲ ಹಾಡಿನ ಬಗ್ಗೆಯೇ. ಗಾರ್ವೆಯ ನುಡಿ ಫಲಿಸಿದ ಕಾಲ ಇದು ಎಂಬ ಘೋಷಣೆಯಿಂದ ಅದು ಶುರುವಾಗಿ, ಹಸಿವು ಮತ್ತು ಬರಿಗೈಯ ಕಡೆಗೆ ಇಳಿಯುತ್ತದೆ. ಅಲ್ಲಿಯವರೆಗೆ ಅದ್ಭುತ. ಆಮೇಲೆ ಗಾರ್ವೆಗೆ ದ್ರೋಹ ಬಗೆದವನೆಂದು ಬ್ಯಾಗ-ವೈರ್ ಎಂಬ ಒಬ್ಬನ ಹೆಸರು ಬರ್ತದೆ. ರಾಸ್ತಾಗಳ ಜನಪದದಲ್ಲಿ ಅವನು ಯೂದನ ಹಾಗೆ. ಹಾಡು ಅವನಿಗೆ ಏಟು ಬೀಳಬೇಕು ಅನ್ನುತ್ತದೆ.

ಗಾರ್ವೆಯನ್ನು ಬೀಳಿಸಿದ್ದು ಒಬ್ಬ ಬ್ಯಾಗ-ವೈರ್ ಅಲ್ಲ. ಅಮೆರಿಕ ಸರಕಾರದ ತನಿಖಾ ಇಲಾಖೆ ಅವನ ಬೆನ್ನು ಹತ್ತಿತ್ತು, ಯುವಕ ಎಡ್ಗರ್ ಹೂವರ್ ಅದರಲ್ಲಿ ಮುಂದಿದ್ದ. ಹಡಗು ಕಂಪೆನಿಯ ಆಡಳಿತ ಕೆಟ್ಟದಾಗಿತ್ತು. ಡುಬೋಯ್ಸ್‌ನಂಥ ಕರಿಯ ಚಿಂತಕರೇ ಅವನನ್ನು ವಿರೋಧಿಸಿದ್ದರು. 1922ರಲ್ಲಿ ಕು ಕ್ಲುಕ್ಸ್ ಕ್ಲಾನಿನ ನಾಯಕನನ್ನು ಹೋಗಿ ಭೇಟಿಯಾಗಿ ಗಾರ್ವೆ ತನ್ನ ಕಾಲಿಗೆ ತಾನೇ ಕೊಡಲಿ ಹಾಕಿಕೊಂಡಿದ್ದ. ಅದಕ್ಕಿಂತ ಮುಜುಗರದ ಸಂಗತಿ ಇನ್ನೊಂದು. ರಾಸ್ತಾಗಳಿಗೆ ಗಾರ್ವೆ ಪ್ರವಾದಿ, ಇಥಿಯೋಪಿಯಾದ ಚಕ್ರವರ್ತಿ ಹೈಲೆ ಸೆಲಾಸಿ ದೇವರು. ಇಟಲಿಯ ದಾಳಿಯಾಗಿ ಸೆಲಾಸಿ 1936ರಲ್ಲಿ ಇಂಗ್ಲೆಂಡಿಗೆ ಹೋದಾಗ ಅವನನ್ನು ಅಚ್ಚಿನಲ್ಲಿ ಕಟುವಾಗಿ ಟೀಕಿಸಿದವರಲ್ಲಿ ಗಾರ್ವೆಯೂ ಒಬ್ಬ. ಪ್ರವಾದಿಯೇ ದೇವರನ್ನು ಬೈದದ್ದು ಈ ಆಲ್ಬಮ್ಮಿನಲ್ಲಿ ಎಲ್ಲೂ ಇಲ್ಲ. ನೆನಪಿದೆಯೇ ಅಂತ ಕೇಳುವವನ ನೆನಪಿಗೂ ಆಯ್ಕೆ ಇದೆ.

ಇದನ್ನು ನಾನು ಆಲ್ಬಮ್ಮನ್ನು ತಳ್ಳಿಹಾಕಲು ಹೇಳ್ತಾ ಇಲ್ಲ. ಸರಕಾರ ಗಾರ್ವೆಯ ಕಲ್ಲು ಮಾಡಿತು, ರಾಡ್ನಿ ಪ್ರವಾದಿ ಮಾಡಿದ. ಎರಡರಲ್ಲೂ ಆ ಜಗಳಗಂಟ, ಹಟಮಾರಿ, ಲೆಕ್ಕದಲ್ಲಿ ದುರ್ಬಲನಾದ ಮುದ್ರಣಕಾರ ಕಳೆದುಹೋಗ್ತಾನೆ. ಆದರೆ ಕಲ್ಲಿಗೆ ಎದುರು ಪ್ರಶ್ನೆ ಹಾಕಲಾಗುವುದಿಲ್ಲ. ಹಾಡಿಗೆ ಹಾಕಬಹುದು, ನಾನೀಗ ಹಾಕಿದ ಹಾಗೆ.

ಚರ್ಚೆಯ ಹೊತ್ತಿನಲ್ಲಿ ಸೊಲ್ಲಾಪುರದ ಕಡೆಯ ಸಂಶೋಧನಾ ವಿದ್ಯಾರ್ಥಿಯೊಬ್ಬರು, “ಮೇಡಂ, ನಮ್ಮ ಗಡಿಭಾಗದ ಕನ್ನಡದ ಪರಿಸ್ಥಿತೀನೂ ಇದೇ ಅಲ್ಲೇನ್ರಿ? ನಮ್ಮನ್ನೂ ಮರತಾರ” ಅಂತ ಕೇಳಿದರು. ಪ್ರೀತಿಯ ಪ್ರಶ್ನೆ, ಆದರೆ ನನ್ನ ಉತ್ತರ ಇಲ್ಲ ಅಂತಲೇ. ನಮಗೆ ಶಾಲೆ ಮುಚ್ಚುವ ಸಂಕಟ ಇದೆ, ಪಠ್ಯಪುಸ್ತಕ ತಡವಾಗುವ ಸಂಕಟ ಇದೆ, ಎರಡೂ ಕಡೆಯವರಿಗೆ ಹೊರಗಿನವರಾಗುವ ಸಂಕಟ ಇದೆ. ಅದನ್ನು ಹಡಗಿನ ತಳದಲ್ಲಿ ಸರಪಳಿ ಹಾಕಿ ಸಾಗಿಸಿದ ಜನರ ಅನುಭವದ ಪಕ್ಕಕ್ಕೆ ಇಟ್ಟರೆ ನಮ್ಮದೂ ದೊಡ್ಡದಾಗುವುದಿಲ್ಲ, ಅವರದ್ದು ಸಣ್ಣದಾಗ್ತದೆ. ಅವರು ಮತ್ತೆ ಕೇಳಿದರು, “ಹಂಗಾದ್ರ ನಾವು ಯಾಕ ಇದನ್ನ ಓದಬೇಕ್ರಿ?” ಕೇಳುವುದನ್ನು ಕಲಿಯುವುದಕ್ಕೆ ಅಂದೆ. ಅವರಿಗೆ ಸಮಾಧಾನ ಆದಂತಿರಲಿಲ್ಲ. ಮುಂದಿನ ತಿಂಗಳು ಅವರದೇ ಪ್ರಬಂಧ ಇದೆ, ಜಗಳ ಅಲ್ಲಿ ಮುಂದುವರಿಸುವ.

ಇನ್ನೊಬ್ಬರು ಗಾರ್ವೆಯ ಶಿಕ್ಷೆ ಏನಾಯಿತು ಅಂತ ಕೇಳಿದರು. 2025ರ ಜನವರಿ 19ರಂದು, ತನ್ನ ಅಧಿಕಾರದ ಕೊನೆಯ ಪೂರ್ಣ ದಿನ, ಅಮೆರಿಕದ ಅಧ್ಯಕ್ಷ ಬೈಡನ್ ಮರಣೋತ್ತರ ಕ್ಷಮಾದಾನ ಕೊಟ್ಟರು. ಶಿಕ್ಷೆಯಾಗಿ 100 ವರ್ಷ ದಾಟಿತ್ತು. ಸುದ್ದಿ ಓದಿದ ರಾತ್ರಿ ನಾನು ಆಲ್ಬಮ್ಮಿನ ಕೊನೆಯ ಹಾಡು ‘ರೆಸ್ಟಿಂಗ್ ಪ್ಲೇಸ್’ ಹಾಕಿದೆ. ತಲೆಯಿಡಲು ಒಂದು ಜಾಗ ಕೇಳುವ ಹಾಡು ಅದು, ಅದರಲ್ಲಿ ಕ್ಷಮೆಯ ಮಾತೇ ಇಲ್ಲ.

ಸಮಯ ಮೀರಿತು ಅಂತ ಸಂಚಾಲಕರು ಕೈ ತೋರಿಸ್ತಾ ಇದ್ದಾರೆ. ಕೇಳುವವರು ‘ಸ್ಲೇವರಿ ಡೇಸ್’ನಿಂದ ಶುರು ಮಾಡಿ. ಮೊಬೈಲಿನ ಸ್ಪೀಕರ್ ಬೇಡ ಮಾರಾಯ್ರೆ, ಒಳ್ಳೆಯ ಇಯರ್‌ಫೋನ್ ಆದರೂ ಹಾಕಿ. ಮೊದಲ ಸಲ ಕೊರಳನ್ನು ಬಿಟ್ಟು ಬಾಸನ್ನು ಮಾತ್ರ ಹಿಂಬಾಲಿಸಿ.